ಬೀರುವಿನೊಳಗಿನ ತಂಪು ಪೆಟ್ಟಿಗೆ

ಹೆಣ್ಣು ನೋಡಲು ಯಾರಾದರೂ ಬರುತ್ತಾರೆಂದರೆ ಮಾಸ್ತಮ್ಮನವರ ಮನೆ ಒಂದು ಬೆಳಗಿನೊಳಗೆ ಎರಡು ಪಟ್ಟು ದೊಡ್ಡದಾಗಿಬಿಡುತ್ತಿತ್ತು. ಹಳೆಯ ಪೇಪರಿನ ಕಟ್ಟು, ಇಸ್ತ್ರಿ ಕಾಣದ ಬಟ್ಟೆ, ಕಾಲು ಮುರಿದ ಮಣೆ, ಚಳಿಗಾಲದ ಕಂಬಳಿ, ಹಿಂದಿನ ದಿನದವರೆಗೂ ಮಂಚ ಕುರ್ಚಿಗಳ ಮೇಲೆ ಮೆರೆದಿದ್ದ ಸಾಮಾನೆಲ್ಲ ಮಾಯ. ಎಲ್ಲಿಗೆ ಹೋಯಿತು ಎಂದು ಕೇಳುವ ಹಾಗಿಲ್ಲ. ಎಲ್ಲವೂ ಮನೆಯ ಬೀರುಗಳ ಹೊಟ್ಟೆ ಸೇರಿರುತ್ತಿತ್ತು. ಉಬ್ಬಿದ ಬಾಗಿಲನ್ನು ಸೊಂಟದಿಂದ ಒತ್ತಿ, ಬೀಗ ತಿರುಗಿಸಿ, ಕೀ ಗೊಂಚಲನ್ನು ಸೆರಗಿನ ಒಳಗೆ ಸಿಕ್ಕಿಸಿಕೊಂಡು ಮಾಸ್ತಮ್ಮ ಉಸ್ಸೆಂದರೆ ಮನೆ ಸಿದ್ಧವಾಯಿತು ಎಂದು ಅರ್ಥ. ಭದ್ರಾವತಿಯ ಓಲ್ಡ್ ಟೌನಿನ ಆ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಇದೇ ರೂಢಿ. ಬಂದವರು ನೋಡುವುದು ಹೆಣ್ಣನ್ನು ಎಂದು ಹೆಸರು ಅಷ್ಟೆ, ಅವರ ಕಣ್ಣು ಓಡಾಡುವುದೆಲ್ಲ ಮೂಲೆಗಳಲ್ಲಿ.

ಆ ಏಪ್ರಿಲ್ ತಿಂಗಳ ಭಾನುವಾರ ನೋಡಲು ಬರುವವರಿದ್ದದ್ದು ಮಗಳು ರಶ್ಮಿಯನ್ನು. ಸೊಸೆ ಜಯಶೀಲಾ ಅಡುಗೆಮನೆಯಲ್ಲಿ ಕೇಸರಿಬಾತಿಗೆ ರವೆ ಹುರಿಯುತ್ತಿದ್ದಳು. ಮಾಸ್ತಮ್ಮ ಭಾರವಾದ ಹೆಂಗಸು, ವರ್ಷಕ್ಕೊಮ್ಮೆ ಮಹಡಿ ಹತ್ತಿದರೆ ಹೆಚ್ಚು. ಇವತ್ತು ಹತ್ತಿದ್ದರು. ಮೆಟ್ಟಿಲ ಮೇಲೆ ಕೀ ಗೊಂಚಲಿನ ಸದ್ದು ಒಂದೊಂದೇ ಮೆಟ್ಟಿಲು ಇಳಿದು ಬಂತು.

"ನಿಮ್ಮ ರೂಮೂ ಮುಗೀತು ಕಣೆ. ಕಂಬಳಿ, ರಗ್ಗು, ನಿಮ್ಮಾವನ ಹಳೇ ಕೋಟು ಎಲ್ಲಾ ನಿನ್ನ ಬೀರು ಒಳಗೇ ತುರುಕಿದೀನಿ. ಬರೋ ಹೆಂಗಸರು ಮುಖ ತೊಳ್ಕೊಂಡು ತಲೆ ಬಾಚ್ಕೊಳ್ಳೋದು ಅಲ್ಲೇ ಅಲ್ವಾ. ಬೀಗ ಹಾಕಿದೀನಿ. ಮಕ್ಕಳೇನಾದ್ರೂ ಜೊತೆಗೆ ಬಂದ್ರೆ ಬೀರು ತೆಗೀದೇ ಬಿಡಲ್ಲ."

ಜಯಶೀಲಾಳ ಕೈಯಲ್ಲಿ ಸೌಟು ನಿಂತಿತು. "ತಳದಲ್ಲೂ ಇಟ್ರಾ ಅತ್ತೆ?"

"ತಳದಲ್ಲೇ ಜಾಗ ಇದ್ದಿದ್ದು. ನಿನ್ನ ಅಲಂಕಾರದ ಪೆಟ್ಟಿಗೆ ಇದೆಯಲ್ಲ, ಅದರ ಮೇಲೂ ಸುತ್ತಲೂ ಒತ್ತಿ ಒತ್ತಿ ಇಟ್ಟಿದೀನಿ. ಹೆದರ್ಬೇಡ, ಒಡೆಯಲ್ಲ. ಅಯ್ಯೋ, ರವೆ ನೋಡೇ, ಸೀದು ಹೋಗುತ್ತೆ!"

ರವೆಯನ್ನು ಜಯಶೀಲಾ ತಿರುವಿದಳು. ಅದೇನೋ ಸೀಯಲಿಲ್ಲ.

ಆ ಪೆಟ್ಟಿಗೆ ಅಲಂಕಾರದ್ದಲ್ಲ. ಅದು ಎತ್ತಿಕೊಂಡು ಓಡಾಡಬಹುದಾದ ಪುಟ್ಟ ಫ್ರಿಜ್ಜು. ಶಿವಮೊಗ್ಗದಲ್ಲಿ ಅವಳ ಜೊತೆ ಡಿಗ್ರಿ ಓದಿದ ಅಂಬ್ರೀನಳ ಅಣ್ಣ ನಿಯಾಜ್ ಸೌದಿಯಲ್ಲಿ ಲಾರಿ ಓಡಿಸುತ್ತಿದ್ದಾಗ ನೀರು ತಂಪಾಗಿಡಲು ಇಟ್ಟುಕೊಂಡಿದ್ದದ್ದು. ಈಗ ಅದರಲ್ಲಿರುವುದು ಜಯಶೀಲಾಳ ಇನ್ಸುಲಿನ್ ಸೀಸೆಗಳು. ಪಿಯುಸಿಯಲ್ಲಿದ್ದಾಗ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಮುದುಕರಿಗೆ ಬರುವಂಥದಲ್ಲ, ಮಾತ್ರೆ ಪಥ್ಯಗಳಿಗೆ ಬಗ್ಗುವಂಥದೂ ಅಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ಸೂಜಿ ಚುಚ್ಚಿಕೊಂಡರೆ ಎಲ್ಲರಂತೆ ಇರುತ್ತಿದ್ದಳು. ಡಿಗ್ರಿಯಲ್ಲಿ ಒಮ್ಮೆ ಪರೀಕ್ಷೆಯ ಗಡಿಬಿಡಿಯಲ್ಲಿ ಬಿಟ್ಟು, ವಾಂತಿಯ ಮೇಲೆ ವಾಂತಿಯಾಗಿ, ಉಸಿರು ಕೊಳೆತ ಹಣ್ಣಿನ ವಾಸನೆ ಹೊಡೆದು, ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿದ್ದಳು. ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಅವಳ ಅಪ್ಪನಿಗೆ ಹೇಳಿದ್ದು ಪರದೆಯಾಚೆಯಿಂದ ಅವಳ ಕಿವಿಗೂ ಬಿದ್ದಿತ್ತು.

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಅಪ್ಪ ಕಲ್ಲಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಮದುವೆಗೆ ಮುಂಚೆ ಗಂಡಿನ ಹತ್ತಿರ ಒಬ್ಬರೇ ಕೂತು ಎಲ್ಲ ಹೇಳಿದ್ದರು. ರೇಣುಕಾಪ್ರಸಾದ್ ಹಿಂದುಮುಂದು ನೋಡದೆ ಒಪ್ಪಿದ್ದ. ಆ ಒಪ್ಪಿಗೆಗಾಗಿ ಜಯಶೀಲಾ ಅವನನ್ನು ಇಂದಿಗೂ ಮೆಚ್ಚುತ್ತಾಳೆ. ಆದರೆ ಒಪ್ಪಿಗೆಗೆ ಒಂದು ಬಾಲ ಇತ್ತು. "ಅಮ್ಮನಿಗೆ ಈಗಲೇ ಬೇಡ ಮಾವ. ಇನ್ಸುಲಿನ್ನ ಪ್ರಾಣಿಗಳಿಂದ ಮಾಡ್ತಾರೆ ಅಂತ ಎಲ್ಲೋ ಕೇಳಿದಾರೆ. ಲಿಂಗಪೂಜೆ ಮಾಡೋ ಮನೆ ಅಂತ ರಂಪ ಎಬ್ಬಿಸ್ತಾರೆ. ನಾನೇ ಸಮಯ ನೋಡಿ ಹೇಳ್ತೀನಿ." ಈಗ ಬರುವುದು ಹಾಗಲ್ಲವಂತೆ ಎಂದು ಕಲ್ಲಪ್ಪ ಹೇಳಿ ನೋಡಿದರು. ಸಮಯ ಮಾತ್ರ ಬರಲಿಲ್ಲ. ಗೌರಿ ಹಬ್ಬ ಕಳೆಯಲಿ ಎಂದ, ದೀಪಾವಳಿ ಕಳೆಯಲಿ ಎಂದ, ಆಮೇಲೆ ರಶ್ಮಿಗೆ ಸಂಬಂಧ ಬರತೊಡಗಿದವು. "ಈಗ ಬೇಡ್ವೇ ಬೇಡ ಮಾರಾಯ್ತಿ. ಆ ಮನೆಗೆ ಕಾಯಿಲೆ ಸೊಸೆ ತಂದ್ಕೊಂಡಿದಾರೆ ಅಂದ್ರೆ ರಶ್ಮಿಗೆ ಯಾರು ಬರ್ತಾರೆ? ಅವಳದೊಂದು ಆಗ್ಲಿ."

ಊಟದ ಹಾಲಿನಲ್ಲಿದ್ದ ದೊಡ್ಡ ಫ್ರಿಜ್ಜಿನಲ್ಲಿ ಎಷ್ಟು ಬೆಣ್ಣೆಯುಂಡೆ ಇದೆ, ಹಾಲಿನ ಕೆನೆಗೆ ಯಾರು ಬೆರಳು ಹಾಕಿದರು ಎನ್ನುವುದೆಲ್ಲ ಮಾಸ್ತಮ್ಮನವರಿಗೆ ಕಣ್ಣು ಮುಚ್ಚಿದರೂ ಗೊತ್ತು. ಅಲ್ಲಿ ಏನನ್ನು ಬಚ್ಚಿಡುವುದು? ಹಾಗಾಗಿಯೇ ಅಂಬ್ರೀನಳ ಪೆಟ್ಟಿಗೆ ಬಂದದ್ದು. ಕೊಡುವಾಗ ಅವಳು ಉಪಯೋಗಿಸುವ ಬಗೆಯನ್ನು ತಲೆಗೆ ಮೊಟಕಿ ಹೇಳಿದ್ದಳು.

"ಕೇಳ್ ಮಾರಾಯ್ತಿ, ಇದರ ಹಿಂದೆ ಫ್ಯಾನ್ ಇದೆ ನೋಡು. ಒಳಗಿನ ಬಿಸಿಯೆಲ್ಲ ಇಲ್ಲಿಂದ ಹೊರಗೆ ಬರ್ಬೇಕು. ಗೋಡೆಗೆ ಅಂಟಿಸಬೇಡ, ಮೇಲೆ ಏನೂ ಹೊದಿಸಬೇಡ. ಈ ವೈರಿನ ಮಧ್ಯೆ ಕಪ್ಪು ಅಡಾಪ್ಟರ್ ಇದೆಯಲ್ಲ, ಅದೂ ಬಿಸಿಯಾಗತ್ತೆ, ಅದನ್ನ ಬಟ್ಟೆ ಒಳಗೆ ಹುದುಗಿಸಬೇಡ. ನಮ್ಮ ಅಮ್ಮೀ ಒಂದ್ಸಲ ಧೂಳು ಕೂರತ್ತೆ ಅಂತ ಚಾದರ್ ಹೊದಿಸಿ ಮಲಗಿಸಿದ್ರು. ಇದೇನು ಕಾವಿಗೆ ಕೂರಿಸಿದ ಕೋಳೀನಾ ಅಂತ ಅಣ್ಣ ಬೈದಿದ್ದೇ ಬೈದಿದ್ದು!"

"ಮತ್ತೆ ಎಲ್ಲಿಡ್ಲಿ?"

"ಗಾಳಿ ಆಡೋ ಕಡೆ ಇಡು. ಅದಕ್ಕೂ ಉಸಿರಾಡ್ಬೇಕು ಕಣೆ."

ಗಾಳಿಯಾಡುವ ಕಡೆ ಎಂದರೆ ಕಣ್ಣಿಗೆ ಬೀಳುವ ಕಡೆ. ರೇಣುಕಾಪ್ರಸಾದ್ ಅವಳ ತವರಿನಿಂದ ಬಂದ ಸಾಗುವಾನಿ ಬೀರುವಿನ ಬೆನ್ನಿಗೆ ತೂತು ಕೊರೆದು, ವೈರು ತೂರಿಸಿ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ಆಮೇಲೆ ಪ್ಲಗ್ಗೂ ಕಾಣಬಾರದೆಂದು ಬೀರುವನ್ನೇ ಗೋಡೆಗೆ ತಳ್ಳಿಬಿಟ್ಟಿದ್ದ. ಜಯಶೀಲಾ ತಳದ ಖಾನೆಯಲ್ಲಿ ಪೆಟ್ಟಿಗೆಯ ಸುತ್ತ ಜಾಗ ಬಿಟ್ಟು, ಬೀರುವಿನ ಬಾಗಿಲನ್ನು ಸದಾ ಒಂದಿಷ್ಟು ಓರೆ ಮಾಡಿಡುತ್ತಿದ್ದಳು. ಅಷ್ಟರಿಂದ ಹೇಗೋ ನಡೆದುಕೊಂಡು ಬಂದಿತ್ತು. ಮೊನ್ನೆಯಷ್ಟೇ ಅಪ್ಪ ಬಂದು ಬೇಸಿಗೆಗೆಂದು ಹೊಸ ಸೀಸೆಗಳನ್ನು ಕೊಟ್ಟು ಹೋಗಿದ್ದರು. ಬೆಳಿಗ್ಗೆ ಚುಚ್ಚಿಕೊಂಡು, ತೆರೆದ ಸೀಸೆಯನ್ನೂ ಅಲ್ಲೇ ಇಟ್ಟಿದ್ದಳು. ಇದ್ದಬದ್ದ ಇನ್ಸುಲಿನ್ನೆಲ್ಲ ಆ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಕಂಬಳಿಯಲ್ಲಿ, ಕಂಬಳಿ ಬೀರುವಿನಲ್ಲಿ, ಬೀರುವಿನ ಕೀ ಅತ್ತೆಯ ಸೊಂಟದಲ್ಲಿ.

"ಅತ್ತೆ, ಕೀ ಒಂಚೂರು ಕೊಡ್ತೀರಾ? ಸೀರೆ ತಗೋಬೇಕಿತ್ತು."

"ಉಟ್ಟಿರೋದು ಚೆನ್ನಾಗೇ ಇದೆ. ನಿನ್ನನ್ನಲ್ಲ ಅವರು ನೋಡೋಕೆ ಬರ್ತಿರೋದು." ಮಾಸ್ತಮ್ಮ ನಕ್ಕರು. "ಆ ಬಾಗಿಲು ಮುಚ್ಚೋಕೆ ನನಗೆ ಪ್ರಾಣ ಹೋಗಿದೆ. ಈಗ ತೆಗೆದ್ರೆ ಅರ್ಧ ಮನೆ ಆಚೆ ಬೀಳುತ್ತೆ. ಅವರು ಹೋದ ಮೇಲೆ ತೆಗಿ."

ಬೇರೆ ಯಾರಾದರೂ ಆಗಿದ್ದರೆ ಇನ್ನೊಂದು ಸುಳ್ಳು ಹೊಳೆಯುತ್ತಿತ್ತು. ಜಯಶೀಲಾ ಮೊದಲ ಸುಳ್ಳಿಗೇ ಸೋತು ಒಲೆಯ ಕಡೆ ತಿರುಗಿದಳು.

ಬೀದಿಯಲ್ಲಿ ವ್ಯಾನು ನಿಂತ ಸದ್ದಾಯಿತು.

ತರೀಕೆರೆಯವರು ಒಂದು ವ್ಯಾನಿನ ತುಂಬ ಬಂದಿದ್ದರು. ಹುಡುಗ ವಿಜಯಕುಮಾರ್ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿ ಕೆಲಸದಲ್ಲಿದ್ದವನು. ಬೆನ್ನು ನೆಟ್ಟಗಿಟ್ಟುಕೊಂಡು ಸೋಫಾದ ತುದಿಯಲ್ಲಿ ಕೂತ. ಜಯಶೀಲಾಳ ಮಾವ ಏಕಾಂತಪ್ಪ ಹಣೆಯ ವಿಭೂತಿ ಬೆವರಿಗೆ ಅಳಿಸದಂತೆ ಟವೆಲ್ಲನ್ನು ಒತ್ತಿ ಒತ್ತಿ ಹಿಡಿಯುತ್ತ, ಅಂಗಡಿಯ ಕಬ್ಬಿಣ ಸಿಮೆಂಟಿನ ಧಾರಣೆ ಮಾತಾಡತೊಡಗಿದರು. ಹುಡುಗನ ತಾಯಿಯನ್ನೂ ಕೂಸನ್ನು ಎತ್ತಿಕೊಂಡಿದ್ದ ಅವನ ಅತ್ತಿಗೆಯನ್ನೂ ಜಯಶೀಲಾ ಮಹಡಿಗೆ ಕರೆದೊಯ್ದಳು.

ತನ್ನ ಕೋಣೆಗೆ ತಾನೇ ಅತಿಥಿಯಂತೆ ಕಾಲಿಟ್ಟಳು. ಬೀರುವಿನ ಬಾಗಿಲು ಸೀಳು ಕಾಣದಂತೆ ಮುಚ್ಚಿತ್ತು. ಒಳಗಿಂದ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ಎಂದಿನ ಹಗುರ ಸದ್ದಲ್ಲ, ಬಾಯಿಗೆ ಬಟ್ಟೆ ತುರುಕಿದವರು ಏನೋ ಹೇಳಲು ಹೆಣಗುವ ಸದ್ದು.

"ಅದೇನಮ್ಮ, ನಿಮ್ಮ ಬೀರಲ್ಲಿ ದುಂಬಿ ಸೇರ್ಕೊಂಡಿದೆಯಾ?" ಹುಡುಗನ ತಾಯಿ ಕನ್ನಡಿಯ ಮುಂದೆ ಬೈತಲೆ ತಿದ್ದಿಕೊಳ್ಳುತ್ತ ಕೇಳಿದರು.

"ಪಕ್ಕದ ಮನೆಯವರ ಪಂಪು..." ಎಂದಳು ಜಯಶೀಲಾ. ಎರಡನೆಯ ಸುಳ್ಳು. ಬೀರುವಿನ ಬಾಗಿಲಿಗೆ ಬೆನ್ನು ಒರಗಿಸಿ ನಿಂತಳು. ಸೀರೆಯ ಮೂಲಕವೇ ಮರದ ಬಿಸಿ ತಾಗಿತು. ಬಿಸಿಲಿನ ಬಿಸಿಯಿರಬಹುದು ಎಂದು ಹೇಳಿಕೊಂಡಳು. ಆ ಗೋಡೆಗೆ ಬಿಸಿಲು ಬೀಳುವುದೇ ಇಲ್ಲ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವರು ಮುಖ ತೊಳೆಯಲು ಹೋದಾಗ ಬೀರುವಿನ ಹಿಂದೆ ಕೈ ತೂರಿಸಿ ನೋಡಿದಳು. ಮಣಿಕಟ್ಟಿನವರೆಗೆ ಹೋಯಿತು, ಪ್ಲಗ್ಗು ಇನ್ನೂ ದೂರವಿತ್ತು. ಬೀರುವನ್ನು ಭುಜದಿಂದ ತಳ್ಳಿದಳು. ಹೊಟ್ಟೆ ತುಂಬಿದ ಬೀರು ಅಲುಗಾಡಲಿಲ್ಲ. ಬಳೆಯೊಂದು ಒಡೆದು ಗೋಡೆಯ ಸಂದಿಗೆ ಬಿತ್ತು.

ಕೆಳಗೆ ಬಂದು ಗಂಡನನ್ನು ಕಣ್ಣಿನಲ್ಲೇ ಕರೆದಳು. ರೇಣುಕಾಪ್ರಸಾದ್ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಬಂದ.

"ಅತ್ತೆ ಬೀರುಗೆ ಬೀಗ ಹಾಕಿದಾರೆ. ಪೆಟ್ಟಿಗೆ ಮೇಲೆ ಕಂಬಳಿ ತುಂಬಿದಾರೆ. ಬಿಸಿಯಾಗಿದೆ ರೀ."

ಅವನ ಮುಖ ಬಾಡಿತು. ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದ. "ಇನ್ನೊಂದು ಗಂಟೆ ತಡ್ಕೋ. ಅವರು ಹೊರಡ್ಲಿ. ಈಗ ಅಮ್ಮನ ಹತ್ರ ಕೀ ಕೇಳಿದ್ರೆ ಯಾಕೆ ಏನು ಅಂತ ಎಲ್ಲರ ಮುಂದೆ ಶುರು ಮಾಡ್ತಾರೆ."

"ಔಷಧಿ ಕೆಟ್ಟೋಗುತ್ತೆ."

"ಕೆಟ್ರೆ ಬೇರೆ ತಂದ್ಕೊಡ್ತೀನಿ ಮಾರಾಯ್ತಿ. ರಶ್ಮಿ ಮುಖ ನೋಡು ಒಂದ್ಸಲ."

ರಶ್ಮಿ ಪೂಜೆಯ ಕೋಣೆಯ ಬಾಗಿಲಲ್ಲಿ ಜರಿಯಂಚಿನ ಸೀರೆಯುಟ್ಟು ನಿಂತಿದ್ದಳು. ಹಾಲಿನ ಕನ್ನಡಿಯಲ್ಲಿ ವಿಜಯಕುಮಾರನನ್ನು ಕದ್ದು ನೋಡಿ, ಜಯಶೀಲಾಳತ್ತ ತಿರುಗಿ, "ಅತ್ತಿಗೆ, ಮೀಸೆ ಒಂದೇ ಸ್ವಲ್ಪ ಜಾಸ್ತಿ ಆಯ್ತು, ಅಲ್ವಾ?" ಎಂದು ಪಿಸುಗುಟ್ಟಿ ಕೆಂಪಾದಳು. ಇಷ್ಟು ದಿನ ಬಂದ ಗಂಡುಗಳಲ್ಲಿ ಒಬ್ಬರ ಮೀಸೆಯ ಬಗ್ಗೆಯೂ ಅವಳು ಮಾತಾಡಿರಲಿಲ್ಲ.

ಜಯಶೀಲಾ ತಟ್ಟೆಗಳಿಗೆ ಉಪ್ಪಿಟ್ಟು ಕೇಸರಿಬಾತು ಹಾಕಿದಳು. ತಟ್ಟೆ ಹಂಚಿ ಬರುವಾಗ ಹುಡುಗನ ತಾಯಿ ಅವಳ ಕೈ ಹಿಡಿದು ಕೂರಿಸಿಕೊಂಡರು. "ನೀನೂ ತಗೋಮ್ಮ. ಮಾಡಿದವರೇ ತಿನ್ನದಿದ್ರೆ ನಾವು ಹೆಂಗೆ ತಿನ್ನೋದು?" ಎಂದು ಒಂದು ಚಮಚ ಕೇಸರಿಬಾತನ್ನು ಬಾಯಿಗೇ ತಂದರು. ಬೇಡವೆಂದರೆ ಯಾಕೆಂದು ಕೇಳುತ್ತಾರೆ. ಅವಳು ನುಂಗಿದಳು. ಇನ್ನೊಂದು ಚಮಚ. ಅದನ್ನೂ ನುಂಗಿದಳು. ಸಂಜೆಯ ಸೂಜಿಯಿಲ್ಲದಿದ್ದರೆ ಇದು ರಕ್ತದಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂದು ಬಿಎಸ್ಸಿ ಓದಿದವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆಗ ಅವಳಿಗೆ ಮೆಟ್ಟಿಲ ಕೆಳಗಿನ ಮೇನ್ ಸ್ವಿಚ್ಚು ನೆನಪಾಯಿತು.

ಖಾಲಿ ಲೋಟಗಳನ್ನು ಎತ್ತಿಕೊಂಡು ಆ ಕಡೆಯಿಂದ ಹಾದಳು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಹಿಡಿ ಎಳೆದಳು. ಹಾಲಿನ ಫ್ಯಾನು ನಿಧಾನವಾಗಿ ನಿಂತಿತು.

"ಹೋಯ್ತಾ? ಭಾನುವಾರನೂ ಬಿಡಲ್ಲ ಇವರು ಕರೆಂಟ್ ತೆಗೆಯೋದು," ಏಕಾಂತಪ್ಪ ಗೊಣಗಿದರು. ಮಾಸ್ತಮ್ಮ ಬೀಸಣಿಗೆ ತಂದರು. ಜಯಶೀಲಾ ಅಡುಗೆಮನೆಯ ಕಟ್ಟೆಗೆ ಒರಗಿ ಕಣ್ಣು ಮುಚ್ಚಿದಳು. ಬಿಸಿ ಇನ್ನು ಏರುವುದಿಲ್ಲ. ಔಷಧಿ ಅಷ್ಟರಲ್ಲೇ ಉಳಿದಿದ್ದರೂ ಉಳಿದಿರಬಹುದು. ಅವರು ಎದ್ದು ಹೋಗುವವರೆಗೆ ಹೀಗೇ ಇದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಹಾಲಿನಿಂದ ವಿಜಯಕುಮಾರನ ಧ್ವನಿ ಕೇಳಿತು. ಬಂದಾಗಿನಿಂದ ಅವನು ಬಾಯಿ ಬಿಟ್ಟದ್ದು ಅದೇ ಮೊದಲು. "ಎದುರು ಮನೇಲಿ ಟಿವಿ ಓಡ್ತಿದೆಯಲ್ಲ ಸರ್. ನಿಮ್ಮದೊಂದೇ ಹೋಗಿರೋದು. ಮೇನ್ ಎಲ್ಲಿದೆ, ನಾನು ನೋಡ್ಲಾ?"

"ಛೇ ಛೇ, ನೀವು ಕೂತ್ಕೊಳ್ಳಿ," ಎಂದ ರೇಣುಕಾಪ್ರಸಾದ್.

"ಇರ್ಲಿ ಬಿಡ್ರಿ, ಅವನಿಗೆ ಸುಮ್ನೆ ಕೂತು ಗೊತ್ತೇ ಇಲ್ಲ. ನೆಂಟರ ಮನೆಗೆ ಹೋದ್ರೆ ಮೊದ್ಲು ಮೀಟರ್ ಬೋರ್ಡೇ ನೋಡೋದು!" ಹುಡುಗನ ತಾಯಿ ಹೆಮ್ಮೆಯಿಂದ ನಕ್ಕರು. ಮಾಸ್ತಮ್ಮ ಇನ್ನೂ ಜೋರಾಗಿ ನಕ್ಕರು. ಇಂಥ ಅಳಿಯ ಯಾರಿಗೆ ಬೇಡ?

ಖಟ್ ಎಂದಿತು. ಫ್ಯಾನು ತಿರುಗಿತು. "ಯಾರೋ ಆಫ್ ಮಾಡಿದಾರೆ ಅಷ್ಟೆ," ಎಂದು ವಿಜಯಕುಮಾರ್ ಕೈ ಒರೆಸಿಕೊಂಡ. ಎಲ್ಲರೂ ಚಪ್ಪಾಳೆಯೊಂದು ಬಾಕಿ ಎನ್ನುವಂತೆ ಅವನನ್ನು ನೋಡಿದರು. ಜಯಶೀಲಾ ಮಾತ್ರ ಮೆಟ್ಟಿಲಿನತ್ತ ನೋಡಿದಳು. ಮೇಲೆ ಬೀರುವಿನೊಳಗೆ ಮತ್ತೆ ಗುಂಯ್ ಶುರುವಾಗಿರುತ್ತದೆ.

ರಶ್ಮಿಯನ್ನು ಕರೆತಂದು ಕೂರಿಸಿದರು. ಏನು ಓದಿದ್ದೀಯ, ಹಾಡು ಬರುತ್ತಾ, ಹೊಲಿಗೆ ಬರುತ್ತಾ ಎಂದು ಕೇಳಿದರು. ಹುಡುಗನ ಅತ್ತಿಗೆ ಕೂಸಿನ ಬಟ್ಟೆ ಬದಲಿಸಲು ಮೇಲೆ ಹೋಗಿದ್ದವಳು ಮೂಗಿಗೆ ಸೆರಗು ಹಿಡಿದು ಕೆಳಗಿಳಿದು ಬಂದಳು. "ಏನೋ ಸುಟ್ಟ ವಾಸನೆ ಬರ್ತಿದೆ ಮೇಲೆ. ಪ್ಲಾಸ್ಟಿಕ್ ಥರ."

"ಬೀದಿಯಲ್ಲಿ ಕಸ ಸುಡ್ತಾರೆ," ಎಂದ ರೇಣುಕಾಪ್ರಸಾದ್ ತಟ್ಟನೆ. ಅವನ ಕಣ್ಣು ಹೆಂಡತಿಯ ಕಣ್ಣನ್ನು ಹುಡುಕಿ, ಬೇಡ ಎಂದಿತು. ಬೇಡ, ಇನ್ನೊಂದು ಸ್ವಲ್ಪ ಹೊತ್ತು.

ಜಯಶೀಲಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಇಷ್ಟು ಜನರ ಮುಂದೆ ಅವಳು ಬಾಯಿ ತೆರೆದವಳಲ್ಲ. ಕಾಲೇಜಿನಲ್ಲಿ ಹಾಜರಿ ಕೂಗುವಾಗ ಎಸ್ ಸರ್ ಎನ್ನಲೂ ಪಕ್ಕದಲ್ಲಿ ಅಂಬ್ರೀನ್ ತಿವಿಯಬೇಕಿತ್ತು. ಈಗಲೂ ತಿವಿಯುವವರಿಗಾಗಿ ಕಾದಳೇನೋ. ಮೆಟ್ಟಿಲ ಮೇಲಿಂದ ವಾಸನೆ ಇಳಿದು ಬಂತು. ಕರಗಿದ ವೈರು, ಕಮರಿದ ಉಣ್ಣೆ, ನುಸಿಗುಳಿಗೆ ಎಲ್ಲ ಸೇರಿದ ಘಾಟು. ಕೂಸು ಕೆಮ್ಮಿತು.

"ಅತ್ತೆ, ಬೀರು ಕೀ ಕೊಡಿ."

"ಆಮೇಲೆ ಅಂದ್ನಲ್ಲ..."

"ಈಗಲೇ ಕೊಡಿ. ಅದು ಅಲಂಕಾರದ ಪೆಟ್ಟಿಗೆ ಅಲ್ಲ. ಕರೆಂಟಿನ ಫ್ರಿಜ್ಜು. ಕಂಬಳಿ ಒಳಗೆ ಉರೀತಿದೆ. ಅದರೊಳಗೆ ನನ್ನ ಇನ್ಸುಲಿನ್ ಇದೆ. ನನಗೆ ಶುಗರ್ ಇದೆ ಅತ್ತೆ. ಮದುವೆಗೆ ಮುಂಚೆಯಿಂದ ಇದೆ."

ಅಷ್ಟು ಉದ್ದದ ಮಾತನ್ನು ಅವಳು ಆ ಮನೆಯಲ್ಲಿ ಎಂದೂ ಆಡಿರಲಿಲ್ಲ. ಮಾಸ್ತಮ್ಮನವರ ಕೈ ತಾನಾಗಿ ಸೊಂಟಕ್ಕೆ ಹೋಯಿತು, ಆದರೆ ಗೊಂಚಲು ಸೆರಗಿಗೆ ಸಿಕ್ಕಿ ಬಿಡಲೊಲ್ಲದು. ಜಯಶೀಲಾ ಮುಂದೆ ಬಂದು, ಅತ್ತೆಯ ಸೊಂಟಕ್ಕೆ ಕೈ ಹಾಕಿ, ಅದನ್ನು ಬಿಡಿಸಿಕೊಂಡು, ಮೆಟ್ಟಿಲು ಹತ್ತಿದಳು.

ಬಾಗಿಲು ತೆರೆದೊಡನೆ ಹೊಗೆ ಮುಖಕ್ಕೆ ನುಗ್ಗಿತು. ಅವಳು ಕಂಬಳಿಗೆ ಕೈ ಹಾಕುವುದರೊಳಗೆ ಹಿಂದೆ ಓಡಿ ಬಂದಿದ್ದ ವಿಜಯಕುಮಾರ್, "ಮುಟ್ಬೇಡಿ, ಮುಟ್ಬೇಡಿ! ರೇಣುಕಾಪ್ರಸಾದ್, ಮೇನ್ ತೆಗೀರಿ!" ಎಂದು ಕೂಗಿದ. ಕೆಳಗೆ ಹಿಡಿ ಬಿದ್ದ ಸದ್ದಾದ ಮೇಲೆ ಇಬ್ಬರೂ ಸೇರಿ ರಗ್ಗು, ಕೋಟು, ಕಂಬಳಿ ಎಳೆದು ಹಾಕಿದರು. ಕಂಬಳಿಯಲ್ಲಿ ರೊಟ್ಟಿಯಗಲ ಕಪ್ಪಗಾಗಿ ಕಿಡಿ ಹರಿದಾಡುತ್ತಿತ್ತು. ಅವನು ಬಕೆಟ್ಟಿನ ನೀರು ಸುರಿದ. ಅಡಾಪ್ಟರು ಕರಗಿ ಬೆಲ್ಲದ ಅಚ್ಚಿನಂತೆ ಕೋಟಿಗೆ ಅಂಟಿತ್ತು.

ಪೆಟ್ಟಿಗೆಯ ಮುಚ್ಚಳ ತೆರೆದು ಜಯಶೀಲಾ ಒಂದು ಸೀಸೆಯನ್ನು ಕೈಗೆತ್ತಿಕೊಂಡಳು. ಆಗತಾನೆ ಬಗ್ಗಿಸಿದ ಚಹಾದ ಲೋಟದಷ್ಟು ಬಿಸಿ. ಬೆಳಕಿಗೆ ಹಿಡಿದಳು. ಅಲುಗಿಸಿದರೆ ಒಂದೇ ಸಮನೆ ಬೆಳ್ಳಗಾಗಬೇಕಾದ ಔಷಧಿ ಒಡೆದ ಹಾಲಿನಂತೆ ಹೆಪ್ಪುಹೆಪ್ಪಾಗಿ ತೇಲಿತು. ಒಂದೊಂದನ್ನೂ ಎತ್ತಿ ನೋಡಿದಳು. ಎಲ್ಲವೂ ಹಾಗೆಯೇ.

ತರೀಕೆರೆಯವರು ಗಲಾಟೆ ಮಾಡಲಿಲ್ಲ, ಮಾಡಿದ್ದರೇ ಚೆನ್ನಾಗಿತ್ತು. "ಸದ್ಯ, ಯಾರಿಗೂ ಏನೂ ಆಗ್ಲಿಲ್ವಲ್ಲ," ಎಂದರು. ಕುಂಕುಮ ತೆಗೆದುಕೊಂಡರು. "ಊರಿಗೆ ಹೋಗಿ ಫೋನ್ ಮಾಡ್ತೀವಿ," ಎಂದರು. ವಿಜಯಕುಮಾರ್ ವ್ಯಾನು ಹತ್ತುವ ಮುಂಚೆ ಒಮ್ಮೆ ತಿರುಗಿ ನೋಡಿದ. ಅವನ ತಾಯಿ ಅವನ ತೋಳು ಹಿಡಿದು ಒಳಗೆ ಕೂರಿಸಿದರು.

ಮಾಸ್ತಮ್ಮ ಹಾಲಿನ ಮಧ್ಯೆ ಕೂತರು. "ಕಾಯಿಲೆ ಯಾರಿಗೆ ಬರಲ್ಲ?" ಎಂದು ನೆಲ ನೋಡುತ್ತ ಶುರುಮಾಡಿದರು. "ನನ್ನ ಮನೇಲೇ, ನನ್ನ ತಲೆ ಮೇಲೇ ಇಟ್ಕೊಂಡು, ನನಗೊಬ್ಬಳಿಗೆ ಹೇಳ್ಲಿಲ್ವಲ್ಲೋ ರೇಣುಕಾ. ನಾನೇನು ರಾಕ್ಷಸಿಯಾ?" ಏಕಾಂತಪ್ಪ ಟವೆಲ್ಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

ರಶ್ಮಿ ಜರಿಸೀರೆಯಲ್ಲೇ ಬಂದು ಜಯಶೀಲಾಳ ಮುಂದೆ ನಿಂತಳು. "ನನಗಾದ್ರೂ ಹೇಳ್ಬಹುದಿತ್ತು ಅತ್ತಿಗೆ. ಯಾರಿಗೂ ಹೇಳ್ತಿರ್ಲಿಲ್ಲ." ಜರಿಯಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಆ ಹುಡುಗ ನನಗೆ ಇಷ್ಟ ಆಗಿದ್ದ," ಎಂದಳು. ಬೈದಿದ್ದರೆ ಜಯಶೀಲಾ ತಡೆದುಕೊಳ್ಳುತ್ತಿದ್ದಳು.

ಬಿಸಿಲು ಇಳಿಯುವ ಹೊತ್ತಿಗೆ ಅವಳ ಬಾಯಿ ಒಣಗಿತ್ತು, ಎಷ್ಟು ನೀರು ಕುಡಿದರೂ ದಾಹ. ಭದ್ರಾವತಿಯಲ್ಲಿ ಅವಳ ಔಷಧಿ ಇಡುವ ಅಂಗಡಿ ಭಾನುವಾರ ಮುಚ್ಚಿರುತ್ತಿತ್ತು. ಶಿವಮೊಗ್ಗಕ್ಕೆ ಹೋಗಬೇಕೆಂದು ರೇಣುಕಾಪ್ರಸಾದ್ ಸ್ಕೂಟರ್ ತೆಗೆದ. ಹೊರಡುವಾಗ ಮಾಸ್ತಮ್ಮ ಬಾಗಿಲಿಗೆ ಬಂದರು. ಅತ್ತು ಮುಗಿದ ಮುಖ. ಧ್ವನಿಯಲ್ಲಿ ಕರುಣೆಯೇ ಇತ್ತು.

"ತಂದ್ಮೇಲೆ ನನ್ನ ಫ್ರಿಜ್ಜಲ್ಲೇ ಇಡು. ತರಕಾರಿ ಕೆಳಗೆ, ಹಾರ್ಲಿಕ್ಸ್ ಬಾಟ್ಲಿ ಒಳಗೆ ಪೇಪರ್ ಸುತ್ತಿ. ಕೆಲಸದವಳ ಕಣ್ಣಿಗೂ ಬೀಳ್ಬಾರ್ದು. ತರೀಕೆರೆಯವರಿಗೆ ನಾನು ಏನೋ ಒಂದು ಹೇಳ್ತೀನಿ, ಹೊಗೆಗೆ ಗಾಬರಿಯಾಗಿ ಬಾಯಿಗೆ ಬಂದಿದ್ದು ಹೇಳಿದ್ಲು ಅಂತ. ಸೂಜಿ ಹಾಕ್ಕೊಳ್ಳೋಕೆ ದೇವರ ಮನೆ ಹಿಂದಿನ ಉಗ್ರಾಣ ಇದೆ, ಕದ ಹಾಕ್ಕೋ. ನಾವೇ ಐದು ಜನ ಬಿಟ್ರೆ ಯಾರಿಗೂ ಗೊತ್ತಾಗೋದು ಬೇಡ. ಆಯ್ತಾ ಮಗಳೇ?"

ಮಗಳೇ ಎಂದು ಅವರು ಕರೆದದ್ದು ಅದೇ ಮೊದಲು. ಜಯಶೀಲಾ ತಲೆಯಾಡಿಸಿಬಿಟ್ಟಳು.

ಮಾಚೇನಹಳ್ಳಿ ದಾಟುವವರೆಗೂ ಆ ತಲೆಯಾಡಿಸಿದ್ದು ಅವಳ ಕುತ್ತಿಗೆಯಲ್ಲಿ ನೋಯುತ್ತಿತ್ತು. ಮೊದಲು ಇಬ್ಬರು ಸೇರಿ ಮುಚ್ಚಿಡುತ್ತಿದ್ದದ್ದನ್ನು ಇನ್ನು ಮನೆಮಂದಿಯೆಲ್ಲ ಸೇರಿ ಮುಚ್ಚಿಡುತ್ತಾರೆ. ಬೀರು ದೊಡ್ಡದಾಯಿತು, ಅಷ್ಟೆ. ಅದರೊಳಗೆ ಅತ್ತೆಯ ಪ್ರೀತಿಯೂ ಇದೆ, ಗಂಡನ ಭಯವೂ ಇದೆ, ರಶ್ಮಿಯ ಮದುವೆಯೂ ಇದೆ, ಎಲ್ಲ ಒತ್ತಿ ಒತ್ತಿ ತುಂಬಿದ್ದು. ಗಾಳಿಗೆ ಮಾತ್ರ ಜಾಗವಿಲ್ಲ.

"ಸಿಟ್ಟಾ?" ಎಂದು ರೇಣುಕಾಪ್ರಸಾದ್ ಗಾಳಿಯಲ್ಲಿ ಕೂಗಿ ಕೇಳಿದ.

"ಬಾಯಾರಿಕೆ," ಎಂದಳು.

ಶಿವಮೊಗ್ಗದ ಬಸ್ ಸ್ಟ್ಯಾಂಡಿನ ಹತ್ತಿರ ಜಂಬಣ್ಣನವರ ಮೆಡಿಕಲ್ ಶಾಪ್ ತೆರೆದಿತ್ತು. ಕೌಂಟರಿನ ಮುಂದೆ ನಾಲ್ಕೈದು ಜನ. ಜಂಬಣ್ಣ ದೂರದಿಂದಲೇ ಗುರುತು ಹಿಡಿದರು. "ಏಕಾಂತಪ್ಪೋರ ಮಗ ಅಲ್ವೇನೋ? ಬಾ ಬಾ. ಏನ್ ಬೇಕಿತ್ತು?"

ರೇಣುಕಾಪ್ರಸಾದ್ ಚೀಟಿಯನ್ನು ಮಡಿಸಿಯೇ ಕೊಟ್ಟ. ಜಂಬಣ್ಣ ಬಿಡಿಸಿ ಓದಿದರು. "ಇನ್ಸುಲಿನ್ನಾ! ಯಾರಿಗಪ್ಪಾ? ನಿಮ್ಮ ತಂದೆಗೆ ಶುರುವಾಯ್ತಾ?"

ನಿಂತಿದ್ದವರು ತಿರುಗಿ ನೋಡಿದರು.

"ಅಲ್ಲ, ಅಪ್ಪಾಜಿಗಲ್ಲ... ನಮ್ಮ ಅಂಗಡೀಲಿ ಲೋಡ್ ಇಳಿಸೋರು ಒಬ್ರು ಇದಾರೆ..." ಎಂದ ರೇಣುಕಾಪ್ರಸಾದ್. ಎಷ್ಟು ಸಲೀಸಾಗಿ ಬಂತು ಎಂದು ಜಯಶೀಲಾ ನೋಡಿದಳು. ಅವನಿಗೂ ಅದರ ಅರಿವಾಗಿರಲಿಲ್ಲ. ಈಗ ಸುಮ್ಮನಿದ್ದರೆ ಮುಂದಿನ ತಿಂಗಳು ಆ ಲೋಡ್ ಇಳಿಸುವವನಿಗೆ ಒಂದು ಹೆಸರಿಡಬೇಕಾಗುತ್ತದೆ. ಅದರ ಮುಂದಿನ ತಿಂಗಳು ಹೆಂಡತಿ ಮಕ್ಕಳು.

"ನನಗೆ," ಎಂದಳು.

ಧ್ವನಿ ಸಣ್ಣದಾಗಿತ್ತು. ಕೌಂಟರಿನ ಮೇಲಿನ ಫ್ಯಾನಿನ ಸದ್ದಿನಲ್ಲಿ ಜಂಬಣ್ಣನವರಿಗೆ ಕೇಳಿಸಲಿಲ್ಲ. "ಆಂ?" ಎಂದರು.

ಗಂಡ ಅವಳ ಮೊಣಕೈ ಮುಟ್ಟಿದ. ಅವಳು ಕೈಯನ್ನು ಕೌಂಟರಿನ ಮೇಲಿಟ್ಟು, ಮುಂದೆ ನಿಂತಿದ್ದವರ ಪಕ್ಕಕ್ಕೆ ಸರಿದು ನಿಂತಳು.

"ನನಗೆ ಬೇಕಾಗಿರೋದು. ಶುಗರ್ ನನಗಿರೋದು."

ಜಂಬಣ್ಣ ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಫ್ರಿಜ್ಜಿನತ್ತ ತಿರುಗಿದರು. ಬಾಗಿಲು ತೆಗೆದು ಹುಡುಕುತ್ತಲೇ ಕೇಳಿದರು. "ಬೆಳಿಗ್ಗೆ ಎಷ್ಟು ಯೂನಿಟ್ ತಗೋತೀಯಮ್ಮ, ಸಂಜೆಗೆಷ್ಟು?"

ಅವಳು ಹೇಳಿದಳು. ಪಕ್ಕದಲ್ಲಿ ರೇಣುಕಾಪ್ರಸಾದ್ ತಲೆ ಎತ್ತಿ ಅವಳನ್ನೇ ನೋಡಿದ. ಆ ಲೆಕ್ಕ ಅವನಿಗೆ ಗೊತ್ತಿರಲಿಲ್ಲ.